‘ನನಗ ತಿಳೀಲಿಲ್ಲ ನೋಡು’: ಹಳೇ ಹುಬ್ಬಳ್ಳಿಯ ಒಂದು ಮನೆಯಲ್ಲಿ ಪುಸ್ತಕದ ಮಾತು

"ಓದ್ತಾಳ್ರಿ ಅಕ್ಕಾರ, ಓದೂದಿಲ್ಲ ಅಂತಲ್ಲ. ಆದ್ರ ಏನ್ ಓದಿದಿ ಅಂತ ಕೇಳಿದ್ರ ಬಾಯೇ ಬಿಡಂಗಿಲ್ಲ."

ಕಳೆದ ವರ್ಷ ಜುಲೈನ ಒಂದು ಶನಿವಾರ ಆ ತಾಯಿ ನಮ್ಮ ಬಾಗಿಲಲ್ಲಿ ನಿಂತು ಹೇಳಿದ ಮಾತು ಇದು. ಕೈಯಲ್ಲಿ ಮಗಳ ಶಾಲೆಯಿಂದ ಬಂದ ಒಂದು ಹಾಳೆ. ಪಕ್ಕದಲ್ಲಿ ಮಗಳು, ಚಪ್ಪಲಿ ತುದಿಯಿಂದ ಹೊಸ್ತಿಲು ಕೆದರುತ್ತಾ ನಿಂತಿದ್ದಳು. ಒಂಬತ್ತು ವರ್ಷ, ನಾಲ್ಕನೇ ತರಗತಿ. ನಮ್ಮಲ್ಲಿಂದ ವಾರಕ್ಕೆ ಎರಡು ಪುಸ್ತಕ ಒಯ್ಯುವ ಹುಡುಗಿ.

ನಾನು ಹಳೇ ಹುಬ್ಬಳ್ಳಿಯ ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ಮಕ್ಕಳಿಗೆ ಪುಸ್ತಕ ಕೊಡುತ್ತೇನೆ. ಲೈಬ್ರರಿ ಅಂತ ಕರೆಯುವಷ್ಟು ದೊಡ್ಡದೇನಲ್ಲ. ನಾನೂರು ಚಿಲ್ಲರೆ ಪುಸ್ತಕ, ಎರಡು ಚಾಪೆ, ಒಂದು ರಿಜಿಸ್ಟರ್. ನ್ಯಾಷನಲ್ ಬುಕ್ ಟ್ರಸ್ಟ್‌ನ ಅಗ್ಗದ ಚಿತ್ರಪುಸ್ತಕಗಳಿವೆ, ಪ್ರಥಮ್ ಬುಕ್ಸ್‌ನವು ಇವೆ. ಉಳಿದವು ಅವರದೇ ಸ್ಟೋರಿವೀವರ್ ತಾಣದಿಂದ ಇಳಿಸಿ, ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಪಿನ್ ಹೊಡೆದವು. 2015ರಲ್ಲಿ ಶುರುವಾದ ಆ ತಾಣದಲ್ಲಿ ಪುಸ್ತಕ ಇಳಿಸಿಕೊಳ್ಳುವುದಕ್ಕೂ ಅಚ್ಚು ಹಾಕಿಕೊಳ್ಳುವುದಕ್ಕೂ ದುಡ್ಡಿಲ್ಲ. ನನ್ನಂಥವರು ನಡೆಸಿಕೊಂಡು ಹೋಗುವುದೇ ಅದರ ಮೇಲೆ.

ಈ ಮನೆಯವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬ್ಯಾಡ್ರಿ ಅಂದರು, ಹಾಕಿಲ್ಲ.

ಮನೆಯ ವಿಷಯ ಸ್ವಲ್ಪ ಹೇಳಬೇಕು. ತಂದೆ ಅಮರಗೋಳದ ಎಪಿಎಂಸಿಯಲ್ಲಿ ಹಮಾಲಿ ಮಾಡುತ್ತಾರೆ. ಬೆಳಗ್ಗೆ ಹೋದರೆ ಬರುವುದು ಕತ್ತಲಾದ ಮೇಲೆ. ತಾಯಿ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಎರಡು ಖಾನಾವಳಿಗೆ ಕೊಡುತ್ತಾರೆ. ದಿನಕ್ಕೆ 150 ರೊಟ್ಟಿ, ಸೀಸನ್ನಿನಲ್ಲಿ ಇನ್ನೂ ಜಾಸ್ತಿ. ಏಳನೇ ಕ್ಲಾಸಿನವರೆಗೆ ಕಲಿತವರು. ಅಕ್ಷರ ಕೂಡಿಸಿ ಓದುತ್ತಾರೆ, ನಿಧಾನ. ಹುಡುಗಿಗೆ ಐದು ವರ್ಷದ ತಮ್ಮನಿದ್ದಾನೆ. ಅವನ ಬಗ್ಗೆ ಆಮೇಲೆ.

ಶಾಲೆಯ ಹಾಳೆಯ ಮೇಲೆ ‘ಮನೆಯಲ್ಲಿ ಪುಸ್ತಕ ಚರ್ಚೆ’ ಅಂತ ಇತ್ತು. ಕೆಳಗೆ ಹತ್ತು ಪ್ರಶ್ನೆ. ಪುಸ್ತಕದ ಹೆಸರು, ಬರೆದವರು ಯಾರು, ಮುಖ್ಯ ಪಾತ್ರಗಳು, ಸಾರಾಂಶ ಐದು ಸಾಲಿನಲ್ಲಿ, ಹೊಸ ಶಬ್ದಗಳು, ನೀತಿ. ಕೊನೆಗೆ ಪಾಲಕರ ಸಹಿ. ಕಳಿಸಿದವರ ಮನಸ್ಸು ಒಳ್ಳೆಯದೇ, ಅನುಮಾನವಿಲ್ಲ. ಆದರೆ ಅದು ಚರ್ಚೆಯ ಹೆಸರಿನಲ್ಲಿ ಬಂದ ಪರೀಕ್ಷೆ.

ಒಂದು ಸಂಜೆ ಅವರ ಮನೆಗೆ ಹೋಗಿ ಸುಮ್ನೆ ಕೂತೆ. ಆ ತಾಯಿ ಕೈ ತೊಳೆದುಕೊಂಡು, ಸೆರಗಿನಿಂದ ಒರೆಸಿಕೊಂಡು, ಹಾಳೆ ಹಿಡಿದು ಮಗಳ ಎದುರು ಕೂತರು. ನಾನು ಲೆಕ್ಕ ಹಾಕಿದೆ. ಹನ್ನೆರಡು ನಿಮಿಷದಲ್ಲಿ ಹದಿನಾಲ್ಕು ಪ್ರಶ್ನೆ. ಹುಡುಗಿಯ ಅತಿ ಉದ್ದದ ಉತ್ತರ ನಾಲ್ಕು ಶಬ್ದ. ‘ನೀತಿ ಏನು?’ ಅಂದಾಗ "ಒಳ್ಳೆಯವರಾಗಿರಬೇಕು" ಅಂದಳು. ಕಥೆ ಇದ್ದದ್ದು ಗಾಳಿಪಟ ಮಾಡುವುದರ ಬಗ್ಗೆ. ತಾಯಿ ಅದನ್ನೇ ಬರೆಸಿ ಸಹಿ ಹಾಕಿದರು. ಇಬ್ಬರಿಗೂ ಬಿಡುಗಡೆ ಸಿಕ್ಕ ಹಾಗೆ ಕಾಣಿಸಿತು.

ಆ ತಾಯಿಯನ್ನು ದೂರಿ ಏನು ಪ್ರಯೋಜನ? ಪುಸ್ತಕದ ಬಗ್ಗೆ ಮಾತು ಅಂದರೆ ಅವರು ಕಂಡದ್ದು ಅದೊಂದೇ. ಎದ್ದು ನಿಂತು ಕೈ ಕಟ್ಟಿ ಒಪ್ಪಿಸುವುದು. ತಪ್ಪಿದರೆ ಬೆರಳಿನ ಗಂಟಿಗೆ ಪಟ್ಟಿ ಏಟು.

ಈಗ ನನ್ನ ತಪ್ಪು ಹೇಳುತ್ತೇನೆ. ಶಾಲೆಯ ಹಾಳೆ ಸರಿ ಇಲ್ಲ ಅಂತ ನಾನೇ ಒಂದು ಹಾಳೆ ಮಾಡಿ ಕೊಟ್ಟೆ. ಏಳು ಪ್ರಶ್ನೆ, ನನ್ನ ಮಟ್ಟಿಗೆ ಬಹಳ ಚೆಂದದವು.

ಹಾಗೆ ಮಾಡಲು ಕಾರಣವೂ ಇತ್ತು. ಮಕ್ಕಳೊಂದಿಗೆ ಓದುವ ಬಗ್ಗೆ ಅಮೆರಿಕದ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಜೊತೆಯವರು 1988ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಎರಡು-ಮೂರು ವರ್ಷದ ಮಕ್ಕಳ ಮನೆಗಳಲ್ಲಿ ಒಂದು ತಿಂಗಳು ಮಾಡಿದ್ದು. ಎರಡು ಗುಂಪಿನ ಪಾಲಕರೂ ಹೆಚ್ಚುಕಡಿಮೆ ಅಷ್ಟೇ ಸಲ ಓದಿ ಹೇಳಿದರು. ಒಂದು ಗುಂಪಿಗೆ ಮಾತ್ರ ಹೇಗೆ ಓದಬೇಕು ಅಂತ ಹೇಳಿಕೊಟ್ಟಿದ್ದರು. ಹೌದು-ಇಲ್ಲದಲ್ಲಿ ಮುಗಿಯುವ ಪ್ರಶ್ನೆ ಬಿಡಿ, ಮಗು ಹೇಳಿದ್ದಕ್ಕೆ ಒಂದೆರಡು ಮಾತು ಸೇರಿಸಿ ತಿರುಗಿ ಹೇಳಿ, ಹೀಗೆ. ತಿಂಗಳು ಕಳೆಯುವಷ್ಟರಲ್ಲಿ ಆ ಗುಂಪಿನ ಮಕ್ಕಳು ಮಾತಿನಲ್ಲಿ ಮುಂದೆ ಹೋಗಿದ್ದರು. ಇಂಗ್ಲೆಂಡಿನ ಏಡನ್ ಚೇಂಬರ್ಸ್ ಅವರದ್ದು ಇನ್ನೊಂದು ದಾರಿ, ದೊಡ್ಡ ಮಕ್ಕಳಿಗೂ ಆಗುವಂಥದ್ದು. ಮಕ್ಕಳಿಗೆ ‘ಯಾಕೆ?’ ಅಂತ ಕೇಳಬೇಡಿ, ಅದು ವಿಚಾರಣೆಯ ಹಾಗೆ ಕೇಳುತ್ತದೆ, ಅದರ ಬದಲು ‘ಹೇಳು ನೋಡೋಣ’ ಅನ್ನಿ ಅನ್ನುತ್ತಾರೆ ಅವರು. ಏನು ಹಿಡಿಸಿತು, ಏನು ಹಿಡಿಸಲಿಲ್ಲ, ಎಲ್ಲಿ ಗೊಂದಲವಾಯಿತು ಹೇಳು.

‘ಯಾಕೆ’ ಬೇಡ ಅನ್ನುವುದು ನಮ್ಮ ಕಡೆಗೆ ಇನ್ನೂ ಹೆಚ್ಚು ನಿಜ. "ಯಾಕಲೇ?" ಅಂದ ಮೇಲೆ ಏನು ಬರುತ್ತದೆ ಅಂತ ಹುಬ್ಬಳ್ಳಿಯ ಪ್ರತಿ ಮಗುವಿಗೂ ಗೊತ್ತು. ಆದರೆ ‘ಹೇಳು’ ಕೂಡ ಕೆಲಸ ಮಾಡಲಿಲ್ಲ. ಎರಡು ವಾರ ಆ ತಾಯಿ ನನ್ನ ಹಾಳೆ ನೋಡಿಕೊಂಡು "ಯಾವ್ದು ಛೊಲೊ ಅನಿಸ್ತು, ಹೇಳು" ಅಂದರು, ಮಗಳು "ಎಲ್ಲಾ" ಅಂದಳು. "ಯಾವ್ದು ಛೊಲೊ ಅನಿಸ್ಲಿಲ್ಲ, ಹೇಳು." "ಯಾವ್ದೂ ಇಲ್ಲ." ನನಗೆ ಹೊಳೆಯಲು ಸ್ವಲ್ಪ ದಿನ ಬೇಕಾಯಿತು. ಇಂಗ್ಲಿಷಿನಲ್ಲಿ ಅದು ಸಲುಗೆಯ ಮಾತಿರಬಹುದು. ನಮ್ಮಲ್ಲಿ ‘ಹೇಳು’ ಮಾಸ್ತರರ ಮಾತು. ಪದ್ಯ ಹೇಳು, ಮಗ್ಗಿ ಹೇಳು, ಸುಳ್ಳು ಹೇಳಬ್ಯಾಡ ಖರೇ ಹೇಳು. ಆ ಶಬ್ದ ಕಿವಿಗೆ ಬಿದ್ದ ಕೂಡಲೇ ಹುಡುಗಿಯ ಬೆನ್ನು ನೆಟ್ಟಗಾಗುತ್ತಿತ್ತು. ನಾನೇ ನೋಡಿದ್ದೇನೆ.

ಹಾಳೆ ವಾಪಸ್ ಇಸಿದುಕೊಂಡೆ. ಒಂದೇ ಮಾತು ಹೇಳಿದೆ. "ನಿಮಗ ಉತ್ತರ ಗೊತ್ತಿರೋ ಪ್ರಶ್ನೆ ಕೇಳಬ್ಯಾಡ್ರಿ. ಕಥಿ ಕೇಳೂವಾಗ ನಿಮಗ ಎಲ್ಲಿ ತಿಳೀಲಿಲ್ಲೋ, ಅದನ್ನ ಅಷ್ಟು ಅನ್ರಿ. ಅಂದು ಸುಮ್ನಾಗ್ರಿ."

"ನನಗ ತಿಳೀಲಾರದ್ದು ಭಾಳ ಇರ್ತದರಿ" ಅಂತ ನಕ್ಕರು. ನಾನು ಅದೇ ಬೇಕು ಅಂದೆ. ಹೆಚ್ಚು ಓದಿದ ತಂದೆತಾಯಿಗಳ ಜೊತೆಗೂ ನಾನು ಈ ಕೆಲಸ ಮಾಡಿದ್ದೇನೆ. ಅವರಿಗೆ ಇದು ಬಹಳ ಕಷ್ಟ. ಗೊತ್ತಿಲ್ಲದವರ ಹಾಗೆ ನಟಿಸುತ್ತಾರೆ, ಮಕ್ಕಳು ತಕ್ಷಣ ಹಿಡಿಯುತ್ತವೆ.

ಇನ್ನೊಂದು ಬದಲಾವಣೆ ಆ ತಾಯಿಯೇ ಮಾಡಿಕೊಂಡದ್ದು. ಕೈ ತೊಳೆದು ಎದುರು ಕೂತರೆ ರೊಟ್ಟಿ ಹಿಂದೆ ಬೀಳುತ್ತದೆ, ಖಾನಾವಳಿಯವರು ಏಳಕ್ಕೇ ಬರುತ್ತಾರೆ. ಹಾಗಾಗಿ ಮಗಳನ್ನೇ ಒಲೆಯ ಪಕ್ಕ ಕೂರಿಸಿಕೊಂಡರು. ಮಗಳು ಗಟ್ಟಿಯಾಗಿ ಓದುವುದು, ತಾಯಿ ರೊಟ್ಟಿ ಬಡಿಯುತ್ತಾ ಕೇಳುವುದು.

ಇದರಿಂದ ಏನಾಯಿತು ಅಂತ ನಾನು ಅಲ್ಲೇ ಕೂತು ನೋಡಿದೆ. ಬಡಿಯುವ ಸದ್ದಿನ ಮೇಲೆ ಕೇಳಿಸಬೇಕು ಅಂದರೆ ಹುಡುಗಿ ದನಿ ಎತ್ತಲೇಬೇಕು. ತಾಯಿಯ ಕಣ್ಣು ಹಂಚಿನ ಮೇಲೆ, ಮಗಳ ಮುಖದ ಮೇಲೆ ಇಲ್ಲ. ತಾಯಿ ಒಂದು ಮಾತು ಅಂದರೆ, ಮುಂದಿನ ಮಾತು ಆಡುವ ಮೊದಲು ರೊಟ್ಟಿಗೆ ನೀರು ಸವರಬೇಕು, ತಿರುವಿ ಹಾಕಬೇಕು, ಅದು ಉಬ್ಬಬೇಕು. ಅಷ್ಟು ಹೊತ್ತು ತನ್ನಿಂದ ತಾನೇ ಮೌನ. 1970ರ ದಶಕದಲ್ಲಿ ಮೇರಿ ಬಡ್ ರೋ ಅನ್ನುವ ಸಂಶೋಧಕಿ ತರಗತಿಗಳ ಮಾತುಕತೆಯನ್ನು ಅಳೆದು ನೋಡಿದ್ದರು. ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು 1 ಸೆಕೆಂಡ್ ಕಾಯುತ್ತಾರೆ, ಅಷ್ಟರಲ್ಲಿ ಬೇರೆ ಹುಡುಗನಿಗೆ ಕೇಳುತ್ತಾರೆ ಅಥವಾ ತಾವೇ ಉತ್ತರ ಹೇಳಿಬಿಡುತ್ತಾರೆ. 3 ಸೆಕೆಂಡ್ ಕಾದರೂ ಸಾಕು, ಮಕ್ಕಳ ಉತ್ತರ ಉದ್ದವಾಗುತ್ತದೆ, ಉತ್ತರವೇ ಇಲ್ಲದ ಪ್ರಶ್ನೆಗಳು ಕಡಿಮೆಯಾಗುತ್ತವೆ. ತರಬೇತಿ ಕೊಟ್ಟರೂ ಆ ಮೂರು ಸೆಕೆಂಡ್ ಕಾಯಿಸುವುದು ಕಷ್ಟ. ಇಲ್ಲಿ ಹಂಚು ಕಾಯಿಸುತ್ತಿತ್ತು.

ಮೊದಲ ಸಲ ಮಾತು ಹೊರಟದ್ದು ಸಂತೆಯಲ್ಲಿ ಮೇಕೆ ಕಳೆದುಕೊಂಡ ಒಬ್ಬ ಹುಡುಗನ ಕಥೆಯಲ್ಲಿ. ನಾನು ಅಲ್ಲೇ ಇದ್ದೆ.

"ಅಷ್ಟ್ ದೊಡ್ಡ ಸಂತ್ಯಾಗ ಯಾರೂ ಹುಡ್ಕಾಕ ಬರ್ಲಿಲ್ಲ ಅಂದ್ರ! ನನಗ ಇದು ತಿಳೀಲಿಲ್ಲ ನೋಡು" ಅಂದರು ತಾಯಿ.

ಒಂದು ರೊಟ್ಟಿ ಕೆಳಗಿಳಿಯಿತು. ಇನ್ನೊಂದು ಹಂಚಿಗೆ ಬಿತ್ತು.

"ಅಂವಾ ಯಾರಿಗೂ ಹೇಳಿಲ್ಲ. ಬೈತಾರ ಅಂತ."

"ಹಂಗಂತ ಬರದಾರೇನು?"

"ಬರದಿಲ್ಲ. ಮಾರಿ ನೋಡು ಅಂವಂದು."

ಪುಸ್ತಕ ತಾಯಿಯ ಕಡೆ ತಿರುಗಿತು. ಹಿಟ್ಟಿನ ಕೈಯಲ್ಲೇ ಪುಟ ಹಿಡಿದು ನೋಡಿದರು. ಚಿತ್ರದ ಹುಡುಗ ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡು ಎಲ್ಲರ ಕಾಲು ನೋಡುತ್ತಾ ನಿಂತಿದ್ದ. ಕಥೆಯಲ್ಲಿ ಹೇಳದೇ ಇದ್ದದ್ದನ್ನು ಹುಡುಗಿ ಚಿತ್ರದಿಂದ ಎತ್ತಿಕೊಂಡಿದ್ದಳು. ಹತ್ತು ಪ್ರಶ್ನೆಯ ಹಾಳೆಯಲ್ಲಿ ಇದಕ್ಕೆ ಜಾಗವೇ ಇರಲಿಲ್ಲ.

ಆ ಪುಸ್ತಕ ವಾಪಸ್ ಬಂದಾಗ ನಡುಪುಟದ ಪಿನ್ನಿನ ಸಂದಿಯಲ್ಲಿ ಜೋಳದ ಹಿಟ್ಟು ಕೂತಿತ್ತು. ಆಮೇಲೆ ಅವರ ಮನೆಗೆ ಹೋಗುವ ಪುಸ್ತಕಗಳಿಗೆಲ್ಲ ಪ್ಲಾಸ್ಟಿಕ್ ಹೊದಿಕೆ ಹಾಕಿಸಿದೆ.

ಸೆಪ್ಟೆಂಬರ್‌ನಲ್ಲಿ ಬಂದದ್ದು ಪಂಚತಂತ್ರದ ಮುಂಗುಸಿ ಕಥೆ. ಎಲ್ಲರಿಗೂ ಗೊತ್ತಿರುವುದೇ. ತಾಯಿ ನೀರು ತರಲು ಹೋಗುತ್ತಾಳೆ. ತೊಟ್ಟಿಲಿನ ಕೂಸಿನ ಹತ್ತಿರ ಬಂದ ಹಾವನ್ನು ಸಾಕಿದ ಮುಂಗುಸಿ ಕೊಲ್ಲುತ್ತದೆ. ಬಾಯಿಗೆ ರಕ್ತ ಮೆತ್ತಿಕೊಂಡು ಬಾಗಿಲಿಗೆ ಓಡಿ ಬಂದ ಮುಂಗುಸಿಯನ್ನು ನೋಡಿ, ಕೂಸನ್ನೇ ಕಚ್ಚಿ ಬಂದಿದೆ ಅಂದುಕೊಂಡು, ತಾಯಿ ತುಂಬಿದ ಕೊಡ ಅದರ ಮೇಲೆ ಎತ್ತಿ ಹಾಕುತ್ತಾಳೆ. ಈ ಸಂಜೆ ನಾನು ಇರಲಿಲ್ಲ. ತಾಯಿ ಮರುದಿನ ಬಂದು ಹೇಳಿದ್ದನ್ನೇ ಬರೆಯುತ್ತಿದ್ದೇನೆ.

ಇದಕ್ಕೆ ಮೊದಲು ಒಂದು ಮಾತು. ಅವರ ಓಣಿಗೆ ನಳದ ನೀರು ಐದಾರು ದಿನಕ್ಕೊಮ್ಮೆ ಬರುತ್ತದೆ. ನೀರು ಬಂದ ದಿನ ಮನೆಯಲ್ಲಿ ಯಾರಿಗೂ ಯಾರ ಮೇಲೂ ತಾಳ್ಮೆ ಇರುವುದಿಲ್ಲ. ಬ್ಯಾರಲ್, ಕೊಡ, ಬಕೆಟ್, ಸಿಕ್ಕಿದ್ದೆಲ್ಲ ತುಂಬಬೇಕು. ಹದಿನೈದು ದಿನದ ಹಿಂದೆ ಅಂಥ ಒಂದು ದಿನ ಪಡಸಾಲೆಯಲ್ಲಿ ಇಟ್ಟಿದ್ದ ಎರಡು ತುಂಬಿದ ಕೊಡ ಉರುಳಿ ಹಿಟ್ಟಿನ ಚೀಲ ತೊಯ್ದಿತ್ತು. ಹುಡುಗಿ ಅಲ್ಲೇ ನಿಂತಿದ್ದಳು. ಎರಡು ಏಟು ಬಿದ್ದವು.

ತಾಯಿ ಕಥೆ ಕೇಳಿ, ರೂಢಿಯಂತೆ, "ಒಳಗ ಹೋಗಿ ಕೂಸಿನ್ನ ನೋಡಿ ಬಂದಾದ್ರೂ ಹೊಡೀಬೇಕಿತ್ತಲ್ಲ. ಆಕಿ ಯಾಕ ನೋಡ್ಲಿಲ್ಲೋ, ನನಗ ತಿಳೀಲಿಲ್ಲ ನೋಡು" ಅಂದಿದ್ದಾರೆ.

ಹುಡುಗಿ ಪುಟ ತಿರುವದೆ ಹೇಳಿದಳಂತೆ: "ನೀನೂ ನೋಡ್ಲಿಲ್ಲಲ್ಲ."

"ಏನ?"

"ಕೊಡ ತಮ್ಮ ಕೆಡವಿದ್ದ."

ಆ ರೊಟ್ಟಿ ಹೊತ್ತಿ ಹೋಯಿತು ಅಂತ ತಾಯಿ ನನಗೆ ಹೇಳಿದರು. ಅದನ್ನು ಹೇಳಿದ್ದು ಎರಡು ಸಲ, ಮುಖ್ಯ ವಿಷಯ ಅದೇ ಅನ್ನುವ ಹಾಗೆ. ಆಮೇಲೆ ಹೇಳಿದರು: "ಪುಸ್ತಕ ನನಗ ಬೈದಂಗ ಆತ್ರಿ ಅಕ್ಕಾರ. ಹದಿನೈದು ದಿನ ಮನಸಿನ್ಯಾಗ ಇಟ್ಕೊಂಡಿತ್ತಲ್ರಿ ಕೂಸು."

ನೀವೇನು ಅಂದಿರಿ ಅಂತ ಕೇಳಿದೆ. "ಏನ್ ಅನ್ನೂದ್ರಿ? ತಪ್ಪಾತವಾ ಅಂದೆ. ತುಪ್ಪ ಹಚ್ಚಿ ಬಿಸಿ ರೊಟ್ಟಿ ಕೊಟ್ಟೆ."

ಪುಸ್ತಕದ ಮಾತು ಶುರು ಮಾಡಿಸುವ ನಮ್ಮಂಥವರು ಇದಕ್ಕೆ ತಯಾರಿರಬೇಕು. ನಾವು ಶಬ್ದಸಂಪತ್ತು, ಓದಿನ ಪ್ರೀತಿ ಅಂತೆಲ್ಲ ಹೇಳಿ ಮನೆಯೊಳಗೆ ಹೋಗುತ್ತೇವೆ. ಬಾಗಿಲು ತೆರೆದರೆ ಒಳಗಿನಿಂದ ಏನು ಬರುತ್ತದೆ ಅಂತ ನಮಗೆ ಗೊತ್ತಿರುವುದಿಲ್ಲ. ಈ ತಾಯಿ ತಪ್ಪಾತು ಅಂದರು. ಇನ್ನೊಂದು ಏಟು ಹಾಕುವವರೂ ಇರುತ್ತಾರೆ, ಎದುರಾಡುವುದನ್ನು ಪುಸ್ತಕದಿಂದ ಕಲಿತೆಯಾ ಅಂತ. ಆಗ ಆ ಮಗು ಮುಂದೆಂದೂ ಪುಸ್ತಕ ಹಿಡಿದು ಒಲೆಯ ಹತ್ತಿರ ಬರಲಾರದು. ಹೊಸ ಪಾಲಕರಿಗೆ ಈಗ ಇದನ್ನು ಮೊದಲೇ ಹೇಳುತ್ತೇನೆ. ನಿಮ್ಮ ಮೇಲೆಯೇ ದೂರು ಬರಬಹುದು, ಬಂದರೆ ಆ ಹೊತ್ತು ಕೈ ಎತ್ತುವುದಿಲ್ಲ ಅಂತ ಮಾತು ಕೊಡಿ.

ಕಥೆ ಅಲ್ಲಿಗೇ ಚೆಂದವಾಗಿ ಮುಗಿಯಲಿಲ್ಲ. ಹುಡುಗಿಗೆ ಒಂದು ಅಸ್ತ್ರ ಸಿಕ್ಕಂತಾಗಿತ್ತು. ಮುಂದಿನ ಎರಡು ವಾರ ಯಾವುದಕ್ಕೆ ಬೈದರೂ "ಮುಂಗುಸಿ!" ಅನ್ನುತ್ತಿದ್ದಳು. ಹೋಂವರ್ಕ್ ಮಾಡಿಲ್ಲ ಅಂದರೂ ಮುಂಗುಸಿ, ಹಾಲು ಕುಡಿದಿಲ್ಲ ಅಂದರೂ ಮುಂಗುಸಿ. ತಮ್ಮನೂ ಕಲಿತುಬಿಟ್ಟ, ಅವನು ಅಂತೂ ಖರೇ ತಪ್ಪು ಮಾಡಿಯೇ ಮುಂಗುಸಿ ಅನ್ನುತ್ತಿದ್ದ. "ಬೈಯಾಕೂ ಬರದಂಗ ಮಾಡಿಟ್ರಿ ನೀವು" ಅಂತ ತಾಯಿ ನನ್ನ ಮೇಲೆ ಬಂದರು. ಅರ್ಧ ನಗು, ಅರ್ಧ ಸಿಟ್ಟು. ನನ್ನ ಹತ್ತಿರ ಉಪಾಯವೇನೂ ಇರಲಿಲ್ಲ. ಅದು ತಾನಾಗಿಯೇ ಹಳತಾಯಿತು.

ತಂದೆಯ ವಿಷಯ. ಅವರು ಬಂದಾಗ ಓದು ಮುಗಿದಿರುತ್ತಿತ್ತು. ಮೊಬೈಲ್ ನೋಡುತ್ತಾ ಊಟಕ್ಕೆ ಕೂತು "ಏನ್ ನೀತಿ ಇತ್ತು ಇವತ್ತ?" ಅಂತ ಒಂದು ಪ್ರಶ್ನೆ ಎಸೆಯುತ್ತಿದ್ದರು. ಹುಡುಗಿ ಹಳೇ ಉತ್ತರ ಹೇಳುತ್ತಿದ್ದಳು, ಒಳ್ಳೆಯವರಾಗಿರಬೇಕು. ಅವರ ಊರು ರೋಣದ ಕಡೆ. ದಸರಾ ರಜೆಯಲ್ಲಿ ಒಮ್ಮೆ ಮಗಳನ್ನು ಕರೆದುಕೊಂಡು ಹೋಗಲು ಬಂದಾಗ ನಾನು ಮಾತಿಗೆ ಹೇಳಿದೆ, ಪಂಚತಂತ್ರವನ್ನು ಹನ್ನೊಂದನೇ ಶತಮಾನದಲ್ಲಿ ಕನ್ನಡಕ್ಕೆ ತಂದ ದುರ್ಗಸಿಂಹ ನಿಮ್ಮ ಕಡೆಯವನೇ, ರೋಣ ತಾಲ್ಲೂಕಿನ ಸವಡಿಯವನು, ಚಾಲುಕ್ಯರ ರಾಜ ಜಗದೇಕಮಲ್ಲನ ಹತ್ತಿರ ಸಂಧಿವಿಗ್ರಹಿ, ಅಂದರೆ ಯುದ್ಧ-ಸಂಧಾನ ನೋಡಿಕೊಳ್ಳುವ ಮಂತ್ರಿಯಾಗಿದ್ದ. ವಿಷ್ಣುಶರ್ಮನ ಪಂಚತಂತ್ರ ಬಿಟ್ಟು ವಸುಭಾಗ ಅನ್ನುವವನ ಪಂಚತಂತ್ರ ಹಿಡಿದುಕೊಂಡು ಬರೆದ, ಹಾಗಾಗಿ ಕಥೆಗಳು ಅಲ್ಲಲ್ಲಿ ಬೇರೆ.

"ಸವಡಿ? ನಮ್ಮ ಅತ್ತಿ ಮನಿ ಇರೂದು ಅಲ್ಲೇ ಅಲ್ರಿ!"

ಅಷ್ಟೇ ಸಾಕಾಯಿತು. ಆ ರಾತ್ರಿ ಅವರು ಮಗಳಿಗೆ ಮಂಗ-ಮೊಸಳೆ ಕಥೆ ಹೇಳಿದರು, ತಮ್ಮ ಅಜ್ಜಿ ಹೇಳುತ್ತಿದ್ದ ಹಾಗೆ. ಅವರ ಕಥೆಯಲ್ಲಿ ಮರ ನೇರಳೆಯದ್ದಲ್ಲ, ಹುಣಸೆಯದ್ದು. ಮಂಗ ತನ್ನ ಕಾಳಜವನ್ನು ಮರದ ಮೇಲೆ ಬಿಟ್ಟು ಬಂದದ್ದಲ್ಲ, ಒಣಗಲು ಹಾಕಿ ಬಂದದ್ದು. ಹುಡುಗಿ ಪುಸ್ತಕ ತಂದು ತೋರಿಸಿ ತಪ್ಪು ಅಂದಳು. ಅವರು ಪುಸ್ತಕವೇ ತಪ್ಪು ಅಂದರು. ಹುಣಸೆಹಣ್ಣನ್ನು ಮೊಸಳೆ ಹೆಂಡತಿ ಅಷ್ಟು ಇಷ್ಟಪಟ್ಟು ತಿನ್ನುತ್ತಾಳಾ ಅಂತ ಮಗಳ ಪ್ರಶ್ನೆ. ಬಸುರಿ ಇದ್ದಿರಬೇಕು ಅಂತ ತಾಯಿ ಒಲೆಯ ಹತ್ತಿರದಿಂದ ಹೇಳಿದರಂತೆ. ಅವತ್ತು ನೀತಿ ಕೇಳುವುದು ಮರೆತು ಹೋಯಿತು. ಆಮೇಲೂ ಪೂರ್ತಿ ನಿಂತಿಲ್ಲ, ದಣಿದು ಬಂದ ದಿನ ಅದೇ ಪ್ರಶ್ನೆ ಬರುತ್ತದೆ. ಇರಲಿ.

ಶಾಲೆಯ ಹಾಳೆ ತಿಂಗಳಿಗೊಂದು ಬರುತ್ತಲೇ ಇತ್ತು. ಅದನ್ನು ಈಗ ಹುಡುಗಿ ಒಬ್ಬಳೇ ಐದು ನಿಮಿಷದಲ್ಲಿ ತುಂಬಿ ಸಹಿಗೆ ತರುತ್ತಾಳೆ. ಡಿಸೆಂಬರ್ ಹಾಳೆಯ ನೀತಿಯ ಜಾಗದಲ್ಲಿ ‘ಈ ಕಥೆಗೆ ಇಲ್ಲ’ ಅಂತ ಬರೆದಿದ್ದಳು. ಕೆಂಪು ಗೆರೆ ಬಿತ್ತು. ಶಾಲೆಗೆ ಹೋಗಿ ಮಾತಾಡಲೇ ಅಂತ ತಾಯಿ ಕೇಳಿದರು. ಬೇಡ ಅಂದೆ. ಹಾಳೆ ಶಾಲೆಯದ್ದು, ಒಲೆ ನಿಮ್ಮದು, ಎರಡನ್ನೂ ಕೂಡಿಸಬೇಡಿ ಅಂದೆ. ಇದು ಸರಿಯೋ ತಪ್ಪೋ, ನನಗೆ ಇವತ್ತಿಗೂ ಪೂರ್ತಿ ಧೈರ್ಯವಿಲ್ಲ. ಶಾಲೆಯವರ ಜೊತೆ ಕೂತು ಮಾತಾಡಿದ್ದರೆ ಉಳಿದ ಮಕ್ಕಳಿಗೂ ಅನುಕೂಲವಾಗುತ್ತಿತ್ತೇನೋ.

ಸೋತದ್ದನ್ನೂ ಬರೆಯಬೇಕು. ಫೆಬ್ರವರಿ ಕೊನೆಯಿಂದ ಮಾರ್ಚ್ ಮುಗಿಯುವವರೆಗೆ ಓದು ಪೂರ್ತಿ ನಿಂತಿತು. ಮದುವೆ ಆರ್ಡರು, ಪರೀಕ್ಷೆ, ಎರಡೂ ಒಟ್ಟಿಗೆ. ನಾನು ಕೊಟ್ಟ ಒಂದು ದಪ್ಪ ಪುಸ್ತಕ, ಅಧ್ಯಾಯ ಅಧ್ಯಾಯವಾಗಿ ಓದುವಂಥದ್ದು, ಎರಡನೇ ದಿನಕ್ಕೇ ಬಿದ್ದುಹೋಯಿತು. ರೊಟ್ಟಿಯ ಜೊತೆಗೆ ಹದಿನಾರು ಪುಟದ ಕಥೆ ನಡೆಯುತ್ತದೆ, ಅದಕ್ಕಿಂತ ಉದ್ದದ್ದು ಇಲ್ಲ. ಆಮೇಲೆ ತಮ್ಮ. ಅವನನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅಕ್ಕ ಓದಲು ಕೂತರೆ ಅವನಿಗೂ ಒಲೆಯ ಹತ್ತಿರವೇ ಜಾಗ ಬೇಕು, ಪುಟ ತಾನೇ ತಿರುವಬೇಕು. ಒಂದು ಪುಸ್ತಕ ಹರಿಯಿತು, ಒಂದು ಹಂಚಿಗೆ ತಾಗಿ ಅಂಚು ಸುಟ್ಟಿತು. ಅವನಿಗೆ ಅಂತ ಬೇರೆ ಚಿತ್ರಪುಸ್ತಕ ಕೊಡಲು ನನಗೆ ಹೊಳೆದದ್ದು ಜನವರಿಯಲ್ಲಿ. ನಾಚಿಕೆಯ ವಿಷಯ.

ಏಪ್ರಿಲ್‌ನಲ್ಲಿ ಮಕ್ಕಳಿಬ್ಬರೂ ಹಾನಗಲ್ ಕಡೆ ತಾಯಿಯ ತವರಿಗೆ ಹೋದರು. ಅಲ್ಲಿ ಪುಸ್ತಕ ಎಲ್ಲಿ ಅಂತ ತಾಯಿಗೆ ಚಿಂತೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯ ನೋಡಿ ಅಂದೆ. ಸರ್ಕಾರ 2020ರಲ್ಲಿ ‘ಓದುವ ಬೆಳಕು’ ಶುರು ಮಾಡಿದ ಮೇಲೆ ಅಲ್ಲಿ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ಮಾವ ಕರೆದುಕೊಂಡು ಹೋಗಿ ಹೆಸರು ಬರೆಸಿದನಂತೆ. ಹುಡುಗಿ ಅಜ್ಜಿಗೆ ಓದಿ ಹೇಳಿದಳು. ಅಜ್ಜಿಗೆ ಓದು ಬರುವುದಿಲ್ಲ. ಎರಡು ಸಾಲು ಕೇಳುತ್ತಲೇ "ನಮ್ಮೂರಾಗೂ ಹಿಂಗ ಒಬ್ಬಾಂವ ಇದ್ದ" ಅಂತ ತಮ್ಮ ಕಥೆ ಶುರು ಮಾಡುತ್ತಿದ್ದರಂತೆ. ಒಂದು ಪುಸ್ತಕವೂ ಕೊನೆ ಮುಟ್ಟಲಿಲ್ಲ ಅಂತ ಹುಡುಗಿ ಜೂನ್‌ನಲ್ಲಿ ಬಂದು ನನ್ನ ಹತ್ತಿರ ದೂರು ಹೇಳಿದಳು. ದೂರು ಹೇಳಲು ಹತ್ತು ನಿಮಿಷ ತೆಗೆದುಕೊಂಡಳು. ಅಜ್ಜಿಯ ಊರಿನ ಆ ಒಬ್ಬಾಂವನ ಕಥೆ ಅದರಲ್ಲಿ ಪೂರ್ತಿ ಬಂತು.

ಆಮೇಲೆ ರಿಜಿಸ್ಟರಿನಲ್ಲಿ ತನ್ನ ಹೆಸರಿನ ಕೆಳಗೆ ತಮ್ಮನ ಹೆಸರು ಬರೆದಳು. ಮುಂಗುಸಿ ಪುಸ್ತಕ ಇನ್ನೂ ಅವರ ಮನೆಯಲ್ಲೇ ಇದೆ, ಒಂಬತ್ತು ತಿಂಗಳಾಯಿತು. "ಅದು ಕಳದೈತ್ರಿ" ಅಂದಳು, ನನ್ನ ಮುಖ ನೋಡದೆ. ಇನ್ನೊಂದು ಪ್ರತಿ ಪ್ರಿಂಟ್ ಹಾಕಿಸಿದ್ದೇನೆ, 28 ರೂಪಾಯಿ ಆಯಿತು.